ಹೊಸ ಬ್ಲೇಡಿನ ಪಾಠ

ಈ ವರ್ಷ ಮತ್ತೆ ಹೊಗೆ ಬಂದಿದೆ. ಸಮುದ್ರದಾಚೆ ಎಲ್ಲೋ ಕಾಡು ಉರಿಯುತ್ತದೆ, ಗಾಳಿ ಅದನ್ನು ಇಲ್ಲಿಗೆ ಹೊತ್ತು ತರುತ್ತದೆ. ಇಲ್ಲಿಯವರು ಅದಕ್ಕೆ ಜೆರೆಬು ಎನ್ನುತ್ತಾರೆ. ಮೊನ್ನೆ ಬೆಳಿಗ್ಗೆ ಮಲೇಷ್ಯಾದ ನಿಲಾಯ್‌ನ ನನ್ನ ಫ್ಲಾಟಿನ ಬಾಲ್ಕನಿಯ ಬಾಗಿಲು ತೆರೆದಾಗ ಎದುರಿನ ಕಟ್ಟಡ ಅರ್ಧ ಅಳಿಸಿಹೋಗಿತ್ತು. ಆದರೆ ಮೂಗಿಗೆ ಹತ್ತಿದ್ದು ಕಾಡಿನ ಹೊಗೆಯಲ್ಲ, ಸುಟ್ಟ ಹಾಸಿಗೆಯ ವಾಸನೆ.

ಇದು ಸುಳ್ಳೆಂದು ನನಗೆ ಗೊತ್ತು. ಹಾಸಿಗೆ ಸುಟ್ಟದ್ದು ಹಲವು ವರ್ಷಗಳ ಹಿಂದೆ, ಆ ವರ್ಷದ ಹೊಗೆ ಶುರುವಾಗುವುದಕ್ಕೆ ಎಷ್ಟೋ ಮೊದಲು, ಆಕಾಶ ತಿಳಿಯಾಗಿದ್ದ ಒಂದು ದಿನ. ಡೈರಿಯಲ್ಲಿ ಹಾಗೆಯೇ ಬರೆದಿದ್ದೇನೆ. ನೆನಪು ಮಾತ್ರ ಎರಡೂ ಹೊಗೆಗಳನ್ನು ಒಂದೇ ಕೋಣೆಗೆ ತುಂಬಿ ಕದ ಹಾಕಿಕೊಂಡಿದೆ. ಇಂಥ ನೆನಪನ್ನು ನಂಬಿ ಬರೆಯಬಹುದೇ ಎಂದು ಯೋಚಿಸುತ್ತಲೇ ಬರೆಯುತ್ತಿದ್ದೇನೆ. ಕೆಲವು ಕಡೆ ನನಗೂ ಹಿಲ್ಡಾಳಿಗೂ ಜಗಳವಿದೆ. ಅಲ್ಲಲ್ಲಿ ಅದನ್ನೂ ಹೇಳುತ್ತೇನೆ.

ಹಿಲ್ಡಾ ಮಂಗಳೂರಿನವಳು. ಕ್ಲಾಂಗ್ ಬಂದರಿನಲ್ಲಿ ಹಡಗಿನ ಸರಕು ಸಾಗಿಸುವ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ. ನಾನು ಉಡುಪಿಯ ಕಡೆಯವಳು, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಕಲಿಸುತ್ತೇನೆ. ಕನ್ನಡದವರ ಒಂದು ಯುಗಾದಿ ಊಟದಲ್ಲಿ ಪಕ್ಕದ ಎಲೆಯಲ್ಲಿ ಕೂತು ಪರಿಚಯವಾದವರು. ಹಾಸಿಗೆ ಸುಟ್ಟ ಆ ದಿನ ಅವಳ ಫೋನು ಬಂತು. ಆಫೀಸಿನ ಹಿಂದಿನ ಬೀದಿಯಲ್ಲಿ ಕೆಲವು ಸೊಮಾಲಿ ನಿರಾಶ್ರಿತರ ಸಂಸಾರಗಳಿದ್ದವು. ಅಲ್ಲಿ ಒಬ್ಬ ಹೆಂಗಸು ಏಡ್ಸ್‌ನಿಂದ ತೀರಿಕೊಂಡಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ಗಂಡಸರು ಅವಳ ಹಾಸಿಗೆ, ಬಟ್ಟೆ, ಪಾತ್ರೆಗಳನ್ನೆಲ್ಲ ಬೀದಿಗೆ ಎಸೆದು ಪೆಟ್ರೋಲು ಸುರಿದರು. ಅವಳ ಗಂಡ ಒಂದು ಕಂಬಳಿಯನ್ನಾದರೂ ಉಳಿಸಿಕೊಳ್ಳಲು ಬೆಂಕಿಗೆ ಕೈ ಹಾಕಿದ. ಕಬ್ಬಿಣದ ಸರಳಿನಿಂದ ಆ ಕೈಗೇ ಹೊಡೆದರು. ಮೂಳೆ ಮುರಿದ ಸದ್ದು ಕಾರಿನೊಳಗೆ ಕೂತು ನೋಡುತ್ತಿದ್ದ ಹಿಲ್ಡಾಳಿಗೂ ಕೇಳಿತಂತೆ.

"ಡಾಕ್ಟ್ರೇ, ಇವರಿಗೆ ಯಾರಾದ್ರೂ ಹೇಳ್ಬೇಕಲ್ಲ ಮಾರಾಯ್ರೆ," ಎಂದಳು ಹಿಲ್ಡಾ. "ತಟ್ಟೆಯಿಂದ ಆ ರೋಗ ಬರುದಿಲ್ಲ ಅಂತ. ತಟ್ಟೆಯನ್ನೂ ಸುಟ್ಟಿದ್ದಾರೆ. ಸ್ಟೀಲಿನ ತಟ್ಟೆ! ಅದು ಸುಡ್ತದಾ?"

ಹಾಗೆ ಭಾನುವಾರದ ತರಗತಿ ಶುರುವಾಯಿತು, ಟಯರು ಅಂಗಡಿಯ ಮಹಡಿಯ ಒಂದು ಕೋಣೆಯಲ್ಲಿ. ಕೋಣೆ ಹುಡುಕಿದ್ದು, ತಮಿಳು ಮುಸ್ಲಿಮರ ಮಮಕ್ ಹೋಟೆಲಿನಿಂದ ಚಹಾ, ಕರಿಪಫ್ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತರುತ್ತಿದ್ದುದು ಹಿಲ್ಡಾ. ಪಾಠ ನನ್ನದು. ನನ್ನ ಇಂಗ್ಲಿಷನ್ನು ಅವರ ಭಾಷೆಗೆ ತಿರುಗಿಸುತ್ತಿದ್ದವಳು ಹೋದಾನ್. ನಿರಾಶ್ರಿತರ ಶಿಬಿರದ ಶಾಲೆಯಲ್ಲಿ ಇಂಗ್ಲಿಷ್ ಕಲಿತವಳು, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನಿಲ್ಲಿ ಬರೆಯುವ ಅವರ ಮಾತುಗಳು ಹೋದಾನಳ ಇಂಗ್ಲಿಷ್ ದಾಟಿ ನನ್ನ ಕನ್ನಡಕ್ಕೆ ಬಂದವು. ದಾರಿಯಲ್ಲಿ ಎಷ್ಟು ಉದುರಿವೆಯೋ ತಿಳಿಯದು.

ಎದುರು ಸಾಲಿನಲ್ಲಿ ಕೂರುತ್ತಿದ್ದುದು ಹೋದಾನಳ ಅತ್ತೆ. ಎಲ್ಲರೂ ಅವಳನ್ನು ಅಯೇಯೊ ಎನ್ನುತ್ತಿದ್ದರು, ಅವರ ಮಾತಿನಲ್ಲಿ ಅಜ್ಜಿ. ಎತ್ತರದ ಮುದುಕಿ, ಕೈಯಲ್ಲಿ ಕೋಲು, ಬಾಯಲ್ಲಿ ತಮಾಷೆ. ಕಾಂಡೋಮ್ ತೊಡಿಸುವುದನ್ನು ತೋರಿಸಲು ಹಿಲ್ಡಾ ಸೌತೆಕಾಯಿ ಹಿಡಿದು ನಿಂತಾಗ ಮುದುಕಿ ಏನೋ ಹೇಳಿದಳು, ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಹೋದಾನ್ ಮುಖ ಮುಚ್ಚಿಕೊಂಡೇ ತಿರುಗಿಸಿದಳು: "ನನ್ನ ಗಂಡ ಇಷ್ಟು ಹೊತ್ತು ಅಲುಗಾಡದೆ ನಿಂತವನೇ ಅಲ್ಲ ಅಂತಿದ್ದಾಳೆ."

"ಸಾಯ್ಬಾ ಭೊಗೊಸ್!" ಎಂದು ಹಿಲ್ಡಾ ಕೊಂಕಣಿಯಲ್ಲಿ ದೇವರ ಕ್ಷಮೆ ಬೇಡಿ ಶಿಲುಬೆಯ ಗುರುತು ಮಾಡಿಕೊಂಡಳು. "ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ರೆ ಇದೇ ಸೌತೆಕಾಯಿಯಲ್ಲಿ ನನಗೆ ಎರಡು ಬಿಡ್ತಿದ್ರು."

ನಗುವ ಈ ಮುದುಕಿ ತನ್ನ ಊರಿನಲ್ಲಿ ಹುಡುಗಿಯರನ್ನು ಕೊಯ್ಯುತ್ತಿದ್ದವಳು ಎಂದು ಗೊತ್ತಾದದ್ದು ಆಮೇಲೆ. ಹೆಣ್ಣುಮಕ್ಕಳ ಜನನಾಂಗವನ್ನು ಬ್ಲೇಡಿನಿಂದ ಕೊಯ್ದು, ಕೆಲವರಿಗೆ ಹೊಲಿದೂ ಬಿಡುವ ಪದ್ಧತಿ. ಅಲ್ಲಿ ಕೂತಿದ್ದ ಬಹುತೇಕ ಎಲ್ಲರಿಗೂ ಆಗಿತ್ತು, ಹೋದಾನಳಿಗೂ. ಇಲ್ಲಿಗೆ ಬಂದ ಮೇಲೂ ಮುದುಕಿಗೆ ಕರೆ ಬರುತ್ತಿತ್ತು. ಆದರೆ ಆ ಹೆಂಗಸು ಸತ್ತಾಗ, ರೋಗ ಹತ್ತಿದ್ದು ಅಯೇಯೊಳ ಬ್ಲೇಡಿನಿಂದಲೇ ಎಂಬ ಗುಸುಗುಸು ಹಬ್ಬಿ, ತಾಯಂದಿರು ಹೆದರಿ ಮಕ್ಕಳನ್ನು ಒಳಗಿಟ್ಟುಕೊಂಡಿದ್ದರು. ಅವಳು ತರಗತಿಗೆ ಬಂದದ್ದೂ ಆ ಕಳಂಕ ತೊಳೆದುಕೊಳ್ಳಲೇ ಇರಬೇಕು.

ನಮ್ಮ ಪಾಠ ಎರಡು ವಿಷಯದ್ದು: ಎಚ್‌ಐವಿ ತಡೆಯುವುದು, ಕೊಯ್ಯುವುದನ್ನು ನಿಲ್ಲಿಸುವುದು. ಎರಡನ್ನೂ ಜೋಡಿಸಲು ಒಂದು ದೊಡ್ಡ ಚಿತ್ರ ಮಾಡಿಸಿದ್ದೆವು. ಸಾಲಾಗಿ ನಿಂತ ಹುಡುಗಿಯರು, ಅವರ ಮೇಲೆ ಒಂದೇ ಬ್ಲೇಡು, ಅದರಿಂದ ಒಬ್ಬಳಿಂದ ಒಬ್ಬಳಿಗೆ ಹಾರುವ ಕೆಂಪು ಹನಿ. ಒಬ್ಬರ ರಕ್ತ ಮುಟ್ಟಿದ ಬ್ಲೇಡು ಇನ್ನೊಬ್ಬರನ್ನು ಮುಟ್ಟಬಾರದು ಎಂದು ಹೇಳಿದೆವು, ಮತ್ತೆ ಮತ್ತೆ ಹೇಳಿಸಿದೆವು. ಆದ್ದರಿಂದ ಕೊಯ್ಯಬಾರದು ಎಂಬ ಕೊನೆಯ ಹೆಜ್ಜೆಯನ್ನು ಅವರೇ ಇಡಲಿ ಎಂದು ಬಿಟ್ಟೆವು. ವಯಸ್ಕರಿಗೆ ಕಲಿಸುವಾಗ ಹಾಗೇ ಮಾಡಬೇಕೆಂದು ನಾನೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

ಹೊಗೆ ಬಂತು. ಶಾಲೆಗಳನ್ನು ಮುಚ್ಚಿದರು. ಮಧ್ಯಾಹ್ನವೇ ಬೀದಿದೀಪ ಉರಿಯುತ್ತಿತ್ತು, ಸೂರ್ಯ ತುಕ್ಕು ಹಿಡಿದ ನಾಣ್ಯದಂತೆ ಕಾಣುತ್ತಿತ್ತು. ಆ ಭಾನುವಾರ ಅಯೇಯೊ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಕಾಗದ ಬಿಚ್ಚದ ಹೊಸ ಬ್ಲೇಡುಗಳು, ರಬ್ಬರು ಗ್ಲೌಸು, ಸ್ಪಿರಿಟ್ ಬಾಟಲಿ.

"ನೋಡು ಮಗಳೇ," ಎಂದಳು. ಮುಖ ಬೆಳಗುತ್ತಿತ್ತು. "ನೀನು ಹೇಳಿದ ಹಾಗೇ. ಒಂದು ಹುಡುಗಿಗೆ ಒಂದು ಬ್ಲೇಡು, ಮುಗಿದ ಮೇಲೆ ಬಿಸಾಡೋದು. ಇನ್ನು ನನ್ನ ಕೈಯಿಂದ ಯಾರೂ ಸಾಯೋದಿಲ್ಲ."

ಹೆಂಗಸರು ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣಲ್ಲಿ ನೀರಿತ್ತು, ಅಷ್ಟು ನೆಮ್ಮದಿ. ಮೂಲೆಯಲ್ಲಿ ಹೋದಾನಳ ಮಗಳು ಸಗಲ್, ಎಂಟು ವರ್ಷದವಳು, ಅಜ್ಜಿ ಕೊಟ್ಟ ಒಂದು ಗ್ಲೌಸನ್ನು ಬಲೂನಿನಂತೆ ಊದುತ್ತಿದ್ದಳು. ಐದು ಬೆರಳೂ ಉಬ್ಬಿ ನಿಂತವು. ಹೋದಾನ್ ಅತ್ತೆಯ ಮಾತನ್ನು ತಿರುಗಿಸಿ ಮುಗಿಸಿದಳು. ಆಮೇಲೆ ಅದೇ ದನಿಯಲ್ಲಿ, ಅದೂ ಅನುವಾದವೆಂಬಂತೆ, ಸೇರಿಸಿದಳು: "ಶಾಲೆಗೆ ರಜ. ಗಾಯ ಒಣಗಲು ಸಮಯ ಸಿಗುತ್ತದೆ. ಶುಕ್ರವಾರ. ಮೊದಲು ಸಗಲ್. ನನಗೆ ಬೇಡ, ಡಾಕ್ಟರ್. ಈಗ ನಗಿ, ಅವರು ನೋಡುತ್ತಿದ್ದಾರೆ."

ನಾನು ನಕ್ಕೆ.

ತರಗತಿ ಮುಗಿದ ಮೇಲೆ ನಾನೂ ಹಿಲ್ಡಾಳೂ ಮಮಕ್ ಹೋಟೆಲಿನಲ್ಲಿ ಕೂತೆವು. ನಾನು ಪೊಲೀಸರ ಮಾತೆತ್ತಿದೆ.

"ಎಂಥ ಪೊಲೀಸ್?" ಎಂದಳು ಅವಳು. "ಈ ಜನರ ಹತ್ರ ಸರಿಯಾದ ಪೇಪರ್ ಇಲ್ಲ. ಬಂದ್ರೆ ಇಡೀ ಬೀದಿಯನ್ನು ಲಾರಿಗೆ ಹತ್ತಿಸ್ತಾರೆ, ಆ ಮಗುವನ್ನೂ ಸೇರಿಸಿ. ಮತ್ತೆ ಯಾವ ಕಾನೂನಿನಲ್ಲಿ ಹಿಡೀತಾರೆ? ನಮ್ಮ ಆಫೀಸಿನ ಮಲಯ್ ಹುಡುಗಿ ಕೇಳಿದ್ರೆ, 'ಅಕ್ಕಾ, ನಮಗೂ ಆಗಿದೆ ಲಾ, ಸಣ್ಣದರಲ್ಲಿ, ಒಂದು ಹನಿ ರಕ್ತ ಬಂದ್ರೆ ಸಾಕು' ಅಂತಾಳೆ."

"ಹಾಗಾದ್ರೆ ಎಂಥ ಮಾಡುದು?"

"ನೀವೇ ಕಲ್ಸಿದ್ದು. ನೀವೇ ಮರೆಸಿ."

ಮೂರು ದಿನ ಬಿಟ್ಟು, ಬುಧವಾರ. ಎಲ್ಲರನ್ನೂ ಮತ್ತೆ ಸೇರಿಸಿದೆವು. ಎಲ್ಲರೆದುರು ನಾನು ಆ ಚಿತ್ರವನ್ನು ಗೋಡೆಯಿಂದ ಕಿತ್ತು ಹರಿದೆ. ಹೊಸ ಬ್ಲೇಡೂ ಕೊಯ್ಯುತ್ತದೆ ಎಂದೆ. ರಕ್ತ ನಿಲ್ಲದೆ ಸಾಯುವವರ ಬಗ್ಗೆ, ಹೆರಿಗೆಯಲ್ಲಿ ಹರಿದುಹೋಗುವವರ ಬಗ್ಗೆ ಹೇಳಿದೆ. ಅಯೇಯೊ ಕೋಲನ್ನು ನೆಲಕ್ಕೆ ಕುಟ್ಟಿದಳು.

"ಹೋದ ಸಲ ಒಂದು ಹೇಳಿದೆ, ಇವತ್ತು ಒಂದು. ಸುಳ್ಳು ಹೇಳಿದ್ದು ಅವತ್ತೋ, ಇವತ್ತೋ?"

ನಾನು ಪಾಠ ಬಿಟ್ಟು ನಮ್ಮ ಮನೆಯ ಕಥೆ ಹೇಳಿದೆ. ನನ್ನ ಅಜ್ಜಿಯ ಅಕ್ಕ, ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಮೈನೆರೆಯುವ ಮೊದಲೇ ಗಂಡ ಸತ್ತ. ತಲೆ ಬೋಳಿಸಲು ಹಿತ್ತಿಲಿಗೆ ಕ್ಷೌರಿಕನನ್ನು ಕರೆಸಿದಾಗ ಹುಡುಗಿ ಓಡಿ ಹಟ್ಟಿಯಲ್ಲಿ ದನದ ಕಾಲಡಿ ಅಡಗಿದಳು. ಜುಟ್ಟು ಹಿಡಿದು ಎಳೆದು ತಂದವರು, ಹೆಗಲು ಅಮುಕಿ ಕೂರಿಸಿದವರು ಮನೆಯ ಹೆಂಗಸರೇ. ಕೊಸರಾಡಿದ್ದಕ್ಕೆ ಕತ್ತಿ ತಾಗಿ ಕಿವಿಯ ಮೇಲೆ ಒಂದು ಗೀರು, ಸಾಯುವ ತನಕ ಇತ್ತು. ಮುದುಕಿಯಾದ ಮೇಲೆ ಅದೇ ದೊಡ್ಡಜ್ಜಿ, ಕೂದಲು ಉಳಿಸಿಕೊಂಡ ವಿಧವೆಯರನ್ನು ಕಂಡರೆ ಉಗಿಯುತ್ತಿದ್ದಳು.

"ಕೂದಲು ಮತ್ತೆ ಬೆಳೀತದಲ್ಲ," ಎಂದಳು ಅಯೇಯೊ.

ಹಾಗೆಂದವಳು ತನ್ನ ಮಾತು ತನಗೇ ಕೇಳಿಸಿದಂತೆ ಸುಮ್ಮನಾದಳು. ಅಥವಾ ಆ ಮೌನವನ್ನು ನಾನು ಆಮೇಲೆ ಸೇರಿಸಿಕೊಂಡಿದ್ದೇನೆಯೋ. ಹಿಲ್ಡಾಳ ಪ್ರಕಾರ ಮುದುಕಿ ಸುಮ್ಮನಾಗಲೇ ಇಲ್ಲ, ಕೆಮ್ಮುತ್ತಿದ್ದಳು, ಎಲ್ಲರೂ ಕೆಮ್ಮುತ್ತಿದ್ದರು, ಕೋಣೆಯೊಳಗೂ ಹೊಗೆಯಿತ್ತು. ಆದರೆ ಮುಂದಿನ ಪ್ರಶ್ನೆ ಇಬ್ಬರಿಗೂ ನೆನಪಿದೆ. ನಾನು ಕೇಳಿದೆ, "ನಿಮ್ಮನ್ನು ಹಿಡಿದವರು ಯಾರು?"

"ನನ್ನ ಅಮ್ಮ," ಎಂದಳು ಅಯೇಯೊ. "ಅವಳು ಅಳ್ತಾ ಇದ್ದಳು. ಅಳ್ತಾನೇ ಹಿಡಿದಿದ್ದಳು. ಕೈ ಬಿಡಲಿಲ್ಲ. ಅದನ್ನೇ ಪ್ರೀತಿ ಅನ್ನೋದು."

ಆಗ ಮೆಟ್ಟಿಲಿನಲ್ಲಿ ಬೂಟಿನ ಸದ್ದಾಯಿತು. ಹೋದಾನಳ ಗಂಡ ಯೂಸುಫ್, ಜೊತೆಗೆ ಇನ್ನಿಬ್ಬರು. ಯೂಸುಫ್ ಬಂದರಿನಲ್ಲಿ ಕಂಟೇನರುಗಳಿಗೆ ಸರಪಳಿ ಬಿಗಿಯುವವನು, ತೋಳು ಹಾಗಿದ್ದವು. ಹೆಂಡತಿಯ ತಲೆವಸ್ತ್ರಕ್ಕೇ ಕೈ ಹಾಕಿ ಎಳೆದ. ಅವಳು ಕುರ್ಚಿಯ ಸಮೇತ ಬಿದ್ದಳು. ಅಡ್ಡ ಬಂದ ಹಿಲ್ಡಾಳ ಮೇಲೆ ಇನ್ನೊಬ್ಬ ಕುರ್ಚಿ ಬೀಸಿದ. ಅವಳ ಹುಬ್ಬು ಸೀಳಿ ಕಣ್ಣಿನೊಳಕ್ಕೆ ರಕ್ತ ಇಳಿಯಿತು. ನನ್ನ ಎದೆಗೆ ಮೊಣಕೈ ಬಿದ್ದು ನಾನು ಗೋಡೆಗೆ ಹೋಗಿ ಬಡಿದೆ. ಕನ್ನಡಕ ಯಾರದೋ ಕಾಲಡಿ ಪುಡಿಯಾಯಿತು. ಆಮೇಲಿನದೆಲ್ಲ ನನಗೆ ಮಸುಕು, ನಿಜವಾಗಿಯೂ ಮಸುಕು.

"ಪೊಲೀಸರು ಬಂದ್ರೆ ಹೊತ್ತುಕೊಂಡು ಹೋಗೋದು ಇವರನ್ನಲ್ಲ, ನಮ್ಮನ್ನು!" ಎಂದು ಯೂಸುಫ್ ಕೂಗುತ್ತಿದ್ದ. ನಾವು ಪೊಲೀಸರನ್ನು ಕರೆಸುತ್ತೇವೆಂಬ ಸುದ್ದಿ ಅವನ ಕಿವಿಗೆ ಬಿದ್ದಿರಬೇಕು. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು ಎಂದು ಈಗ ಅನ್ನಿಸುತ್ತದೆ. ಹೊಡೆಸಿಕೊಳ್ಳುತ್ತಿದ್ದಾಗ ಹಾಗೆ ಅನ್ನಿಸಿರಲಿಲ್ಲ.

ಅವನನ್ನು ನಿಲ್ಲಿಸಿದ್ದು ಅವನ ತಾಯಿ. ಕೋಲೆತ್ತಿ ಮಗನ ಬೆನ್ನಿಗೆ, ಭುಜಕ್ಕೆ, ಮೊಣಕಾಲಿಗೆ ಬಾರಿಸಿದಳು. "ಇದು ಹೆಂಗಸರ ಮಾತು! ನೀನ್ಯಾಕೆ ಬಂದೆ ಇದರೊಳಗೆ?" ಅವನು ತಾಯಿಯ ಏಟು ತಿಂದ, ಕೈ ಎತ್ತಲಿಲ್ಲ. ಆದರೆ ಇಳಿಯುವಾಗ ಮೆಟ್ಟಿಲಿನಲ್ಲಿ ಹೋದಾನಳ ತಲೆಯನ್ನು ಕಬ್ಬಿಣದ ಕಂಬಿಗೆ ಕುಟ್ಟಿದ ಸದ್ದು ನಮಗೆಲ್ಲ ಕೇಳಿತು. ಮುದುಕಿ ತನ್ನ ಬಿಸ್ಕತ್ತಿನ ಡಬ್ಬಿ ಎತ್ತಿಕೊಂಡು ಹೋದಳು.

ಶುಕ್ರವಾರ ಬೆಳಿಗ್ಗೆ ಹೋದಾನ್ ಹಿಲ್ಡಾಳಿಗೆ ಫೋನು ಮಾಡಿದಳು. ಮಧ್ಯಾಹ್ನದ ನಮಾಜಿಗೆ ಗಂಡಸರು ಹೊರಟ ಮೇಲೆ ಕಾರು ತನ್ನಿ, ಅಷ್ಟೇ. ಮಗುವನ್ನು ಕರೆದುಕೊಂಡು ಓಡುವುದು ಅವಳ ಯೋಚನೆ ಎಂದುಕೊಂಡೆವು. ಹೊಗೆ ಅಂದು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು, ಒಂದು ಕಣ್ಣು ಊದಿಸಿಕೊಂಡು ಹಿಲ್ಡಾ ಜಪಮಾಲೆಯನ್ನೂ ಲಾರಿಯವನ ವಂಶವನ್ನೂ ಒಟ್ಟಿಗೇ ಜಪಿಸುತ್ತ ಓಡಿಸಿದಳು. ದಾರಿ ತಪ್ಪಿತು. ನಾವು ತಲುಪುವಾಗ ಹೊತ್ತು ಮೀರಿತ್ತು.

ಹೋದಾನಳ ಮನೆಯ ಮೆಟ್ಟಿಲು ಹತ್ತುವಾಗ ಮಗುವಿನ ಚೀರಾಟ ಕೇಳಿದ್ದು ನನಗೆ ನೆನಪಿದೆ. ಇವತ್ತಿಗೂ ಕಿವಿಯಲ್ಲಿದೆ. ಹಿಲ್ಡಾ ಅದನ್ನು ಒಪ್ಪುವುದಿಲ್ಲ. "ಯಾರೂ ಚೀರ್ಲಿಲ್ಲ ಡಾಕ್ಟ್ರೇ. ನಳ್ಳಿಯ ನೀರು ಬೀಳುವ ಸದ್ದು ಅದು," ಎನ್ನುತ್ತಾಳೆ. ಅವಳು ಹೇಳುವುದೇ ಸರಿಯಿರಬೇಕು. ಏಕೆಂದರೆ ಸಗಲ್ ಬಚ್ಚಲಿನೊಳಗಿದ್ದಳು, ಒಳಗಿನಿಂದ ಚಿಲಕ ಹಾಕಿಕೊಂಡು. ನಳ್ಳಿ ಪೂರ್ತಿ ತಿರುಗಿಸು, ಹೊರಗಿನ ಏನೂ ಕೇಳಿಸಬಾರದು ಎಂದು ತಾಯಿ ಹೇಳಿಕೊಟ್ಟಿದ್ದಳು.

ಆ ಬಾಗಿಲಿಗೆ ಬೆನ್ನು ಕೊಟ್ಟು ಹೋದಾನ್ ನೆಲದ ಮೇಲೆ ಕೂತಿದ್ದಳು. ಮುಂದೆ ಬಿಸ್ಕತ್ತಿನ ಡಬ್ಬಿ. ಸುತ್ತ ಬ್ಲೇಡಿನ ಪುಟ್ಟ ಕಾಗದಗಳು. ಹರಡಿದ ಪತ್ರಿಕೆಯ ಮೇಲೆ ಬ್ಲೇಡುಗಳು ಸಾಲಾಗಿದ್ದವು, ಪ್ರತಿಯೊಂದೂ ಕೆಂಪು. ಎಡಗೈ ತೊಡೆಯ ಮೇಲೆ ತೆರೆದುಕೊಂಡಿತ್ತು. ಅದನ್ನು ಅಂಗೈ ಎನ್ನಲು ನನಗೆ, ಇಷ್ಟು ಗಾಯ ಕಂಡವಳಿಗೆ, ಒಂದು ಕ್ಷಣ ಬೇಕಾಯಿತು. ಅವಳು ಬ್ಲೇಡುಗಳನ್ನು ಒಂದೊಂದಾಗಿ ಬಿಚ್ಚಿ, ಒಂದೊಂದರಿಂದಲೂ ತನ್ನ ಅಂಗೈ ಗೀರಿಕೊಂಡಿದ್ದಳು. ಡಬ್ಬಿಯಲ್ಲಿ ಹೊಸದೆಂಬುದು ಉಳಿದಿರಲಿಲ್ಲ.

ಎದುರಿಗೆ ಅಯೇಯೊ ಕುರ್ಚಿಯಲ್ಲಿದ್ದಳು, ಎರಡೂ ಕೈಗೆ ಗ್ಲೌಸು ತೊಟ್ಟು. ಮಗುವನ್ನು ಹಿಡಿಯಲು ಬಂದ ನೆರೆಯ ಹೆಂಗಸರು ಗೋಡೆಗಂಟಿ ನಿಂತಿದ್ದರು. ಯಾರೋ ಓಡಿಹೋಗಿ ಯೂಸುಫ್‌ನನ್ನು ಕರೆತಂದಿದ್ದರು. ಅವನು ಹೆಂಡತಿಯ ಮುಖಕ್ಕೆ ಹೊಡೆಯುತ್ತಿದ್ದ. ಅವಳು ತಲೆ ತಪ್ಪಿಸಿಕೊಳ್ಳುತ್ತಲೂ ಇರಲಿಲ್ಲ. ಬೆನ್ನು ಬಾಗಿಲಿನಿಂದ ಕದಲದಂತೆ ಮಾತ್ರ ನೋಡಿಕೊಳ್ಳುತ್ತಿದ್ದಳು. ನಾನು ನಡುವೆ ನುಗ್ಗಿ ಒಂದು ಏಟು ತಿಂದೆ, ಬಾಯಲ್ಲಿ ಉಪ್ಪು ರುಚಿ. ಹಿಲ್ಡಾ ತನ್ನ ಕೈಚೀಲವನ್ನು ಅವನ ತಲೆಗೆ ಬೀಸಿ ಹೊಡೆದಳು. ಆ ಚೀಲದಲ್ಲಿ ಆಫೀಸಿನ ಬೀಗದ ಗೊಂಚಲಿತ್ತು. ಅವನು ಮಂಡಿಯೂರಿದ.

"ನಾನು ಇನ್ನೊಂದು ಡಬ್ಬಿ ತರ್ತೇನೆ," ಎಂದ ತಲೆ ಹಿಡಿದುಕೊಂಡು, ತಾಯಿಯನ್ನು ನೋಡುತ್ತ. "ಕೆಳಗೇ ಅಂಗಡಿ ಉಂಟು."

ಮುದುಕಿ ಪತ್ರಿಕೆಯ ಮೇಲಿನ ಬ್ಲೇಡುಗಳನ್ನು ನೋಡಿದಳು. ಒಂದನ್ನೂ ಮುಟ್ಟಲಿಲ್ಲ. ಒಬ್ಬರ ರಕ್ತ ಮುಟ್ಟಿದ ಬ್ಲೇಡು ಇನ್ನೊಬ್ಬರನ್ನು ಮುಟ್ಟಬಾರದು. ಅವಳು ಕಲಿತವಳು, ಕಲಿತದ್ದನ್ನು ಸೊಸೆಯ ಹಟಕ್ಕಾಗಿ ಬಿಡುವವಳಲ್ಲ. ಆಮೇಲೆ ಸೊಸೆಯ ಬಲಗೈಯನ್ನು ನೋಡಿದಳು.

"ತಂದರೆ ಅದನ್ನೂ ಹೀಗೇ ಮುಗಿಸ್ತಾಳೆ," ಎಂದಳು. "ಇನ್ನೊಂದು ಕೈ ಉಂಟಲ್ಲ." ಹೆಂಗಸರ ಕಡೆ ತಿರುಗಿದಳು. "ಮಗುವನ್ನು ಹಿಡಿಯುವ ಮೊದಲು ಇವಳನ್ನು ಹಿಡೀಬೇಕು. ಯಾರು ಹಿಡೀತೀರಿ?"

ಹೋದಾನಳ ದವಡೆ ಊದಿತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ ಅತ್ತೆ ಹೇಳಿದ್ದನ್ನು ನಮಗೆ ಇಂಗ್ಲಿಷಿನಲ್ಲಿ ತಿರುಗಿಸಿದಳು. ಅಭ್ಯಾಸ. ಆ ಹೊತ್ತಿನಲ್ಲೂ ಅವಳು ತನ್ನ ಕೆಲಸ ಮಾಡುತ್ತಿದ್ದಳು.

ಯಾರೂ ಮುಂದೆ ಬರಲಿಲ್ಲ. ಒಬ್ಬಳು ಚಪ್ಪಲಿ ಹುಡುಕಿಕೊಂಡು ಹೊರಟಳು. ಅವಳ ಹಿಂದೆ ಇನ್ನೊಬ್ಬಳು.

ಅಯೇಯೊ ಎದ್ದು ಬಂದು, ಕೋಲನ್ನು ಗೋಡೆಗೆ ಒರಗಿಸಿ, ಸೊಸೆಯ ಮುಂದೆ ಕಷ್ಟಪಟ್ಟು ಕೂತಳು. ಗ್ಲೌಸು ತೊಟ್ಟ ಕೈಗಳಿಂದಲೇ ತನ್ನ ತಲೆವಸ್ತ್ರ ಹರಿದು ಆ ಅಂಗೈಯನ್ನು ಬಿಗಿಯಾಗಿ ಕಟ್ಟಿದಳು. ಪಳಗಿದ ಕೈ, ರಕ್ತ ನಿಲ್ಲಿಸುವುದು ಗೊತ್ತಿತ್ತು. ಕಟ್ಟುವಾಗ ಅಳುತ್ತಿದ್ದಳೇ? ನಾನು ಅಳುತ್ತಿದ್ದಳು ಎನ್ನುತ್ತೇನೆ. ಹಿಲ್ಡಾ, "ಹೊಗೆಗೆ ಎಲ್ಲರ ಕಣ್ಣಲ್ಲೂ ನೀರಿತ್ತು," ಎನ್ನುತ್ತಾಳೆ. ಈ ಒಂದರಲ್ಲಿ ನಾನು ಸೋಲಲು ತಯಾರಿಲ್ಲ.

ಕ್ಲಿನಿಕ್ಕಿನಲ್ಲಿ ಹೇಗಾಯಿತು ಎಂದು ಕೇಳಿದರು. "ಅಡುಗೆಮನೆಯಲ್ಲಿ," ಎಂದಳು ಹೋದಾನ್. ಅಲ್ಲಿನ ಡಾಕ್ಟರು ಅವಳನ್ನು ನೋಡಿ, ಒಡೆದ ತುಟಿಯ ನನ್ನನ್ನು ನೋಡಿ, ಊದಿದ ಕಣ್ಣಿನ ಹಿಲ್ಡಾಳನ್ನು ನೋಡಿ, ಎಂಥ ಅಡುಗೆಮನೆಯಪ್ಪ ಎಂಬಂತೆ ತಲೆ ಅಲ್ಲಾಡಿಸಿ ಹೊಲಿಯತೊಡಗಿದರು. ಎರಡು ಬೆರಳಿನ ನರ ಹೋಗಿತ್ತು. ಸಗಲ್ ಒದ್ದೆ ಬಟ್ಟೆಯಲ್ಲಿ ಹೊರಗಿನ ಬೆಂಚಿನ ಮೇಲೆ ಕೂತು ಹಿಲ್ಡಾ ಕೊಡಿಸಿದ ಮೈಲೋ ಕುಡಿದಳು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಹಿಲ್ಡಾಳ ಕಾರಿನ ಸೀಟು ತೊಳೆಯಬೇಕು.

ಅಯೇಯೊ ಮುಂದೆ ಆ ಡಬ್ಬಿಗೆ ಬ್ಲೇಡು ತುಂಬಲಿಲ್ಲ. ತಾನು ಮಾಡಿದ್ದು ತಪ್ಪೆಂದೂ ಯಾವತ್ತೂ ಹೇಳಲಿಲ್ಲ. ತರಗತಿಗೆ ಬಂದು ಎದುರು ಸಾಲಿನಲ್ಲೇ ಕೂತು ನನ್ನನ್ನು ಅನುಮಾನದಿಂದ ನೋಡುತ್ತಿದ್ದಳು. ತೀರಿಕೊಂಡು ಈಗ ಕೆಲವು ವರ್ಷವಾಯಿತು. ಸೊಸೆಯ ಕೈ ಹಿಡಿದೇ ಹೋದಳಂತೆ. ಯಾವ ಕೈ ಎಂದು ನಾನು ಕೇಳಲಿಲ್ಲ.

ಬೇರೆ ದೇಶಕ್ಕೆ ಹೋಗುವ ಅವಕಾಶಕ್ಕಾಗಿ ಕಾಯುತ್ತ ಹೋದಾನಳ ಸಂಸಾರ ಇನ್ನೂ ಅದೇ ಬೀದಿಯಲ್ಲಿದೆ. ಯೂಸುಫ್ ಈಗ ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ಹೋದ ಭಾನುವಾರ, ಈ ವಾಸನೆ ಮೂಗಿನಿಂದ ಹೋಗದೆ, ನಾನು ಟಯರು ಅಂಗಡಿಯ ಮೇಲಿನ ಕೋಣೆಗೆ ಹೋದೆ. ಪಾಠ ಈಗ ಹೋದಾನಳದೇ. ಹಿಲ್ಡಾ ಚಹಾ ಸುರಿಯುತ್ತಿದ್ದಳು. ಹಿಂದಿನ ಸಾಲಿನಲ್ಲಿ ಸಗಲ್, ತಾಯಿಗಿಂತ ಎತ್ತರ ಬೆಳೆದವಳು, ಫೋನು ನೋಡುತ್ತ ಬೇಸರದಿಂದ ಕೂತಿದ್ದಳು. ಬೇಸರಪಡಲು ಅವಳಿಗೆ ಸಾಧ್ಯವಾಗಿರುವುದನ್ನು ನಾನು ಸ್ವಲ್ಪ ಹೊತ್ತು ನೋಡುತ್ತ ನಿಂತೆ.

ಹೊಸದಾಗಿ ಬಂದ ಒಬ್ಬಳು, ಮಡಿಲಲ್ಲಿ ಹೆಣ್ಣುಮಗು, ಕೈ ಎತ್ತಿದಳು. ಅವಳು ಕೇಳಿದ್ದು ನನಗೆ ಅವರ ಭಾಷೆಯಲ್ಲೇ ಅರ್ಥವಾಯಿತು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅಷ್ಟು ಸಲ ಕೇಳಿದ್ದೇನೆ. ಬ್ಲೇಡು ಹೊಸದಾಗಿದ್ದರೆ?

ಹೋದಾನ್ ಎಡಗೈ ಎತ್ತಿ ಅಂಗೈ ತೆರೆದಳು. ಎರಡು ಬೆರಳು ತೆರೆಯಲಿಲ್ಲ. ಗೀರಿನ ಮೇಲೆ ಗೀರು ಬಿದ್ದು ಅಲ್ಲಿ ಹಸ್ತರೇಖೆಗಳೇ ಇರಲಿಲ್ಲ.

"ಇವೆಲ್ಲ ಹೊಸ ಬ್ಲೇಡಿನವೇ," ಎಂದಳು.